ಶ್ರಾಪ್‌ಶೈರ್‌ನಲ್ಲಿ ಮೂರು ದಿನ: ಎರಕದ ಮನೆಯಲ್ಲಿ ದುಡಿದ ಅಪ್ಪಾಜಿಗೆ ಏನೇನು ತೋರಿಸಲಿ?

ಭದ್ರೆಯ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಕವೆಂಟ್ರಿಯಲ್ಲಿದ್ದೇನೆ. ಏಪ್ರಿಲ್ ಕೊನೆಯಲ್ಲಿ ಅಪ್ಪಾಜಿ ಮೊದಲ ಸಲ ಇಂಗ್ಲೆಂಡಿಗೆ ಬರುತ್ತಿದ್ದಾರೆ. ಲಂಡನ್ ತೋರಿಸುತ್ತೇನೆ ಎಂದಾಗ ಅವರು ಹೆಚ್ಚು ಉತ್ಸಾಹ ತೋರಲಿಲ್ಲ. "ಕಬ್ಬಿಣದ ಮೊದಲ ಸೇತುವೆ ಅಲ್ಲೇ ಇದೆಯಂತಲ್ಲ, ಅದು ನಿಮ್ಮ ಊರಿಗೆ ಎಷ್ಟು ದೂರ?" ಎಂದು ಕೇಳಿದರು. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ಯಾಟರ್ನ್ ಮೇಕರ್ ಆಗಿದ್ದವರು. ಎರಕ ಹೊಯ್ಯುವ ಮೊದಲು ಮರದಲ್ಲಿ ಮಾದರಿ ಕಡೆದುಕೊಡುವ ಕೆಲಸ ಅವರದು.

ಸೇತುವೆ ಇರುವುದು ಶ್ರಾಪ್‌ಶೈರ್‌ನಲ್ಲಿ, ಇಲ್ಲಿಂದ ಸುಮಾರು ಒಂದೂವರೆ ಗಂಟೆಯ ದಾರಿ ಎಂದು ತಿಳಿಯಿತು. ಕಾರಿದೆ, ಮೂರು ದಿನಗಳ ರಜೆಯಿದೆ. ಅವರ ಎಡ ಮಂಡಿ ನೋಯುತ್ತದೆ, ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಕಷ್ಟ. ಅಲ್ಲಿ ಹತ್ತಾರು ಮ್ಯೂಸಿಯಂಗಳಿವೆಯಂತೆ. ಯಾವುದನ್ನು ನೋಡಲೇಬೇಕು, ಯಾವುದನ್ನು ಬಿಡಬಹುದು? ಸುತ್ತಲಿನ ಹಳೆಯ ಪಟ್ಟಣಗಳಲ್ಲಿ ಯಾವುದು ಚೆನ್ನ? ಹೋಗಿ ಬಂದವರು ದಯವಿಟ್ಟು ಬರೆಯಿರಿ.

ಟೆಲ್ಫರ್ಡ್ ನಿವಾಸಿ

ಭದ್ರಾವತಿ ಎಂಬ ಹೆಸರು ಕಂಡ ಕೂಡಲೇ ಬರೆಯಲು ಕುಳಿತೆ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು, ಸೇತುವೆಗೆ ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷ. ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿದ್ದೇನೆ. ಹೆಚ್ಚಿನವರು ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಐಸ್‌ಕ್ರೀಮ್ ತಿಂದು ಹೊರಡುತ್ತಾರೆ. ನಿಮ್ಮ ತಂದೆಯವರಂಥವರು ಬರುವುದು ಅಪರೂಪ.

ಒಂದು ಮಾತು ಒತ್ತಿ ಹೇಳುತ್ತೇನೆ. ಸೇತುವೆಯಿಂದ ಆರಂಭಿಸಬೇಡಿ. ಮೊದಲು ಒಂದೂವರೆ ಮೈಲಿಗಿಂತ ಹತ್ತಿರದಲ್ಲೇ ಇರುವ ಕೋಲ್‌ಬ್ರೂಕ್‌ಡೇಲ್‌ಗೆ ಹೋಗಿ, ಹಳೆಯ ಊದುಕುಲುಮೆಯ ಮುಂದೆ ನಿಲ್ಲಿ. ಆಮೇಲೆ ಸೇತುವೆ ನೋಡಿದರೆ ಅದು ಬೇರೆಯೇ ಆಗಿ ಕಾಣುತ್ತದೆ.

ಬ್ರಿಸ್ಟಲ್‌ನಲ್ಲಿ ಪಾತ್ರೆಗಳನ್ನು ಎರಕ ಹೊಯ್ಯುತ್ತಿದ್ದ ಅಬ್ರಹಾಂ ಡಾರ್ಬಿ ಹಾಳುಬಿದ್ದಿದ್ದ ಈ ಕುಲುಮೆಯನ್ನು ಗುತ್ತಿಗೆಗೆ ಹಿಡಿದು, 1709ರಲ್ಲಿ ಇದ್ದಿಲಿನ ಬದಲು ಕೋಕ್ ಹಾಕಿ ಕಬ್ಬಿಣ ಕರಗಿಸಿದರು. ಅದುವರೆಗೆ ಕಬ್ಬಿಣ ಬೇಕೆಂದರೆ ಕಾಡು ಕಡಿಯಬೇಕಿತ್ತು. ಕಲ್ಲಿದ್ದಲನ್ನು ನೇರವಾಗಿ ಹಾಕಿದರೆ ಅದರಲ್ಲಿರುವ ಗಂಧಕ ಕಬ್ಬಿಣಕ್ಕೆ ಸೇರಿ ಲೋಹ ಕೆಡುತ್ತದೆ. ಗಾಳಿಯಾಡದಂತೆ ಮುಚ್ಚಿ ಸುಟ್ಟು ಕೋಕ್ ಮಾಡಿದರೆ ಗಂಧಕದ ಒಂದು ಪಾಲು ಹೋಗುತ್ತದೆ. ಇಲ್ಲಿನ ಕಲ್ಲಿದ್ದಲಿನಲ್ಲಿ ಗಂಧಕ ಮೊದಲೇ ಕಡಿಮೆಯಿತ್ತು, ಅದು ಡಾರ್ಬಿಯವರ ಅದೃಷ್ಟ. ಕೋಕ್‌ಗೆ ಇನ್ನೊಂದು ಗುಣವಿದೆ. ಇದ್ದಿಲು ಮೇಲಿನ ಭಾರಕ್ಕೆ ಪುಡಿಯಾಗುತ್ತದೆ, ಕೋಕ್ ತಡೆದುಕೊಳ್ಳುತ್ತದೆ. ಹಾಗಾಗಿ ಮುಂದೆ ಕುಲುಮೆಗಳನ್ನು ಎತ್ತರಿಸಲು ಸಾಧ್ಯವಾಯಿತು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸ ಆರಂಭಿಸಿದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ. ನಮ್ಮಲ್ಲಿ ಅದಿರಿತ್ತು, ಕಾಡಿತ್ತು, ಕಲ್ಲಿದ್ದಲು ಇರಲಿಲ್ಲ. ಡಾರ್ಬಿ ಇಲ್ಲಿ ಬಿಟ್ಟ ದಾರಿಯನ್ನೇ ಇನ್ನೂರು ವರ್ಷಗಳ ನಂತರ ನಾವು ಹಿಡಿಯಬೇಕಾಯಿತು, ಹಿಡಿದು ನಡೆಸಿಯೂ ತೋರಿಸಿದೆವು. ನಿಮ್ಮ ತಂದೆಯವರಿಗೆ ಆ ಕುಲುಮೆಯ ಮುಂದೆ ಹೇಳಲು ನಮಗಿಂತ ಹೆಚ್ಚು ವಿಷಯವಿರುತ್ತದೆ.

ಕುಲುಮೆಗೆ ಗಾಜಿನ ತ್ರಿಕೋನ ಮಾಡು ಹೊದಿಸಿದ್ದಾರೆ. ಬಾಯಿಯ ಮೇಲಿನ ಕಬ್ಬಿಣದ ತೊಲೆಯಲ್ಲಿ ಡಾರ್ಬಿ ಹೆಸರೂ 1777 ಎಂಬ ಇಸವಿಯೂ ಇವೆ. ಇದು ಮೂರನೇ ಅಬ್ರಹಾಂ ಡಾರ್ಬಿ, ಮೊದಲನೆಯವರ ಮೊಮ್ಮಗ. ಸೇತುವೆ ಕಟ್ಟಿಸಿದವರು ಇವರೇ. ಪಕ್ಕದಲ್ಲೇ 1838ರ ದೊಡ್ಡ ಉಗ್ರಾಣದಲ್ಲಿ ಕಬ್ಬಿಣದ ಮ್ಯೂಸಿಯಂ ಇದೆ.

ಇನ್ನೊಂದು ವಿಷಯ. ಸೇತುವೆಯೂ ಕೋಲ್‌ಬ್ರೂಕ್‌ಡೇಲೂ ಇರುವ ಈ ಸೆವರ್ನ್ ನದಿ ಕಣಿವೆಯ ಮ್ಯೂಸಿಯಂಗಳ ಹೊಣೆಯನ್ನು ಪಾರಂಪರಿಕ ತಾಣಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ವಹಿಸುವ ನಿರ್ಧಾರ 2025ರಲ್ಲಿ ಪ್ರಕಟವಾಯಿತು. ಹಳೆಯ ಪ್ರವಾಸ ಬರಹಗಳಲ್ಲಿರುವ ದರ, ಸಮಯಗಳನ್ನು ನಂಬಬೇಡಿ. ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ.

ಅಡುಗೆಮನೆ ಕಿಟಕಿ

ಕಣಿವೆಯಲ್ಲೇ ಇರುವ ಬ್ಲಿಸ್ಟ್ಸ್ ಹಿಲ್ ಎಂಬ ಬಯಲು ಮ್ಯೂಸಿಯಂಗೆ ಹೋದರೆ ಅಲ್ಲಿನ ಮೀನು ಮತ್ತು ಚಿಪ್ಸ್ ಅಂಗಡಿಯ ಮುಂದೆ ಸಾಲು ನಿಲ್ಲುವ ಮೊದಲು ಎಣ್ಣೆಯ ಬಗ್ಗೆ ಕೇಳಿ. ಹಳೆಯ ಪದ್ಧತಿಯಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬರೀ ಆಲೂಗಡ್ಡೆ ಎಂದುಕೊಂಡು ನಮ್ಮ ಅತ್ತೆಯವರು ತಿನ್ನಲು ಹೊರಟಿದ್ದರು, ಸರಿಯಾದ ಸಮಯಕ್ಕೆ ತಿಳಿಯಿತು. ಅಪ್ಪಾಜಿ ಸಸ್ಯಾಹಾರಿಗಳಾದರೆ ಚಿತ್ರಾನ್ನವೋ ಮೊಸರನ್ನವೋ ಕಟ್ಟಿಕೊಂಡು ಹೋಗಿ. ನದಿಯ ದಡದಲ್ಲಿ ಬೆಂಚುಗಳಿವೆ.

ಕಾಲುವೆ ದಾರಿ

ಬ್ಲಿಸ್ಟ್ಸ್ ಹಿಲ್‌ನಲ್ಲಿ ಜನ ಮೇಣದಬತ್ತಿ ಅಂಗಡಿ, ಬ್ಯಾಂಕು ನೋಡಿ ಹಿಂತಿರುಗುತ್ತಾರೆ. ದಯವಿಟ್ಟು ಕೊನೆಯವರೆಗೆ ಹೋಗಿ. ಅಲ್ಲಿ ಹೇ ಇಳಿಜಾರು ಎಂಬ ಜಾಗವಿದೆ. ಮೇಲಿನ ಕಾಲುವೆಗೂ ಕೆಳಗೆ ಕೋಲ್‌ಪೋರ್ಟ್‌ನ ಕಾಲುವೆಗೂ ನಡುವೆ 207 ಅಡಿ ಎತ್ತರದ ಅಂತರ. ಬಾಗಿಲುಗಳಿರುವ ಕಟ್ಟೆ ಕಟ್ಟಿ ದೋಣಿ ಇಳಿಸಬೇಕೆಂದರೆ ಇಪ್ಪತ್ತಕ್ಕೂ ಹೆಚ್ಚು ಕಟ್ಟೆಗಳು ಬೇಕಿದ್ದವು, ನೀರೂ ಸಾಲುತ್ತಿರಲಿಲ್ಲ. ಅದಕ್ಕೇ ದೋಣಿಯನ್ನೇ ಚಕ್ರದ ತೊಟ್ಟಿಲಿನಲ್ಲಿ ಕೂರಿಸಿ ಹಳಿಯ ಮೇಲೆ ಜಾರಿಸಿದರು. ಸರಕು ತುಂಬಿ ಇಳಿಯುವ ದೋಣಿಯ ಭಾರವೇ ಇನ್ನೊಂದನ್ನು ಮೇಲಕ್ಕೆಳೆಯುತ್ತಿತ್ತು. ಕೆಲವೇ ನಿಮಿಷಗಳ ಕೆಲಸ. ಬಾವಿಯ ಗಡಗಡೆಯಲ್ಲಿ ಎರಡು ಕೊಡ ಕಟ್ಟಿದಂತೆ ಎಂದು ನನ್ನ ಮಗನಿಗೆ ವಿವರಿಸಿದೆ, ಥಟ್ಟನೆ ಹಿಡಿದ. 1894ರವರೆಗೆ ಅದು ನಡೆಯಿತು. ಈಗ ಹಳಿಗಳು ಮಾತ್ರ ಇವೆ. ಮೇಲೆ ನಿಂತು ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಮಂಡಿ ನೋವಿದ್ದರೆ ಅಲ್ಲಿ ಇಳಿಯಬೇಡಿ, ಮೇಲಿನಿಂದಲೇ ನೋಡಿ.

ಮೇಷ್ಟ್ರು, ಲೆಸ್ಟರ್

ಬ್ಲಿಸ್ಟ್ಸ್ ಹಿಲ್ ಬಗ್ಗೆ ನನಗೆ ಬೇರೆ ಅಭಿಪ್ರಾಯವಿದೆ. ಅದು 1900ರ ಸುಮಾರಿನ ಊರನ್ನು ಹೋಲುವಂತೆ ಕಟ್ಟಿದ ಊರು. ಕೆಲವು ಕಟ್ಟಡಗಳನ್ನು ಬೇರೆ ಕಡೆಯಿಂದ ಬಿಚ್ಚಿ ತಂದು ನಿಲ್ಲಿಸಿದ್ದಾರೆ, ಕೆಲವನ್ನು ಹೊಸದಾಗಿಯೇ ಕಟ್ಟಿದ್ದಾರೆ. ಹಳೆಯ ಉಡುಪು ತೊಟ್ಟವರು ಚೆನ್ನಾಗಿ ಮಾತನಾಡಿಸುತ್ತಾರೆ, ನಮ್ಮ ಹಣವನ್ನು ಶಿಲ್ಲಿಂಗು ಪೆನ್ನಿಗಳಿಗೆ ಬದಲಿಸಿ ಕೊಡುತ್ತಾರೆ, ಮಕ್ಕಳಿಗೆ ಹಬ್ಬ. ಆದರೆ ಎಲ್ಲವೂ ಅಚ್ಚುಕಟ್ಟು, ಎಲ್ಲರೂ ನಗುಮುಖ. ಹೊಗೆ, ಮಸಿ, ಬೆಂಕಿಯ ಮುಂದೆ ಹನ್ನೆರಡು ಗಂಟೆ ನಿಂತವರ ದಣಿವು ಅಲ್ಲಿ ಕಾಣುವುದಿಲ್ಲ. ಎರಕದ ಮನೆಯಲ್ಲಿ ಬದುಕು ಕಳೆದವರಿಗೆ ಅದು ಹಗುರ ಎನಿಸಬಹುದು. ನಾನಾದರೆ ಆ ಅರ್ಧ ದಿನವನ್ನು ಜ್ಯಾಕ್‌ಫೀಲ್ಡ್‌ನ ಟೈಲ್ಸ್ ಮ್ಯೂಸಿಯಂಗೆ ಕೊಡುತ್ತೇನೆ. ಅದು ಕಾರ್ಖಾನೆಯ ಅಸಲಿ ಕಟ್ಟಡ. ಒಂದು ಬಣ್ಣದ ಮಣ್ಣಿನಲ್ಲಿ ಗುಳಿ ಬಿಟ್ಟು ಇನ್ನೊಂದು ಬಣ್ಣದ ಮಣ್ಣು ತುಂಬಿ ಸುಡುವ ಕೆಲಸ ಅಲ್ಲಿ ಇಂದಿಗೂ ನಡೆಯುತ್ತಿದೆ.

ಟೆಲ್ಫರ್ಡ್ ನಿವಾಸಿ

ಮೇಷ್ಟ್ರೇ, ಅಂಗಡಿ ಬೀದಿಯ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಅದೇ ಆವರಣದಲ್ಲಿರುವ ಊದುಕುಲುಮೆಗಳ ಅವಶೇಷ, ಇಟ್ಟಿಗೆ ಕಾರ್ಖಾನೆ, ಆ ಇಳಿಜಾರು ಎಲ್ಲವೂ ನಿಂತ ನೆಲದಲ್ಲೇ ಇರುವ ಅಸಲಿಗಳು. ಜೊತೆಗೆ ಅಲ್ಲಿ ಕಬ್ಬಿಣದ ಸೇತುವೆಯ ಅರ್ಧ ಅಳತೆಯ ಪ್ರತಿಯೊಂದು ಇದೆ. ಹಳೆಯ ಕಾಲದವರು ಸೇತುವೆಯನ್ನು ಹೇಗೆ ಎತ್ತಿ ನಿಲ್ಲಿಸಿದರೆಂಬುದಕ್ಕೆ ದಾಖಲೆಯೇ ಇರಲಿಲ್ಲ. 1997ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಎಲಿಯಾಸ್ ಮಾರ್ಟಿನ್ ಎಂಬ ಕಲಾವಿದನ ಜಲವರ್ಣ ಚಿತ್ರವೊಂದು ಸಿಕ್ಕಿತು. ಕಟ್ಟುತ್ತಿರುವಾಗಲೇ ಬರೆದ ಚಿತ್ರ, ಮರದ ಅಟ್ಟಣೆಯೂ ಅದರಲ್ಲಿದೆ. ಅದನ್ನು ನೋಡಿ ಹಾಗೆಯೇ ಕಟ್ಟಲು ಬರುತ್ತದೆಯೇ ಎಂದು ಪರೀಕ್ಷಿಸಿದ್ದೇ ಈ ಪ್ರತಿ. ಪ್ಯಾಟರ್ನ್ ಮೇಕರ್ ಒಬ್ಬರು ಅದನ್ನು ನೋಡದೆ ಹೋಗಬಾರದು.

ಭದ್ರೆಯ ಮಗಳು

ಇಷ್ಟು ಪ್ರೀತಿಯಿಂದ ಬರೆಯುತ್ತಿದ್ದೀರಿ, ಎಲ್ಲರಿಗೂ ಕೃತಜ್ಞತೆಗಳು. ಅಪ್ಪಾಜಿಗೆ ಫೋನಿನಲ್ಲಿ ಓದಿ ಹೇಳಿದೆ. "ಜೋಡಣೆ ಹೇಗೆ? ಬೋಲ್ಟಾ, ರಿವೆಟ್ಟಾ?" ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಮೊದಲ ದಿನ ಕಣಿವೆ ಎಂದು ನಿಶ್ಚಯಿಸಿದ್ದೇನೆ. ಉಳಿದ ಎರಡು ದಿನಕ್ಕೆ ಪಟ್ಟಣಗಳ ಬಗ್ಗೆ ಹೇಳಿ.

ಟೆಲ್ಫರ್ಡ್ ನಿವಾಸಿ

ಎರಡೂ ಅಲ್ಲ ಎಂದು ಹೇಳಿ! ಅಲ್ಲಿರುವುದು ಬಡಗಿಯ ಜೋಡಣೆ. ಒಂದರ ತುದಿಯನ್ನು ಇನ್ನೊಂದರ ತೂತಿಗೆ ತೂರಿಸಿ ಬೆಣೆ ಬಡಿದಿದ್ದಾರೆ. ಕೆಲವೆಡೆ ಪಾರಿವಾಳದ ಬಾಲದಂತೆ ಅಗಲವಾಗುವ ಕಚ್ಚು ಮಾಡಿ ಕೂಡಿಸಿದ್ದಾರೆ. ವಿನ್ಯಾಸ ಮಾಡಿದ ಥಾಮಸ್ ಫಾರ್ನೋಲ್ಸ್ ಪ್ರಿಚರ್ಡ್ ಬಡಗಿತನದಿಂದ ಬಂದವರು. ಕಬ್ಬಿಣದಲ್ಲಿ ಇಷ್ಟು ದೊಡ್ಡದನ್ನು ಯಾರೂ ಕಟ್ಟಿರಲಿಲ್ಲ, ಗೊತ್ತಿದ್ದದ್ದು ಮರದ ವಿದ್ಯೆ, ಅದನ್ನೇ ಬಳಸಿದರು. ಪ್ರಿಚರ್ಡ್ 1777ರಲ್ಲೇ ತೀರಿಕೊಂಡರು, ಕಮಾನು ಎದ್ದು ನಿಂತದ್ದು 1779ರಲ್ಲಿ, ಸಂಚಾರಕ್ಕೆ ತೆರೆದದ್ದು 1781ರ ಜನವರಿ 1ರಂದು. ನೂರಡಿಗೂ ಸ್ವಲ್ಪ ಹೆಚ್ಚು ಅಗಲದ ಕಮಾನು, ಸುಮಾರು 378 ಟನ್ ಕಬ್ಬಿಣ, 1,700ಕ್ಕೂ ಹೆಚ್ಚು ಬಿಡಿ ಭಾಗಗಳು. ಅಂದಾಜಿಗಿಂತ ಬಹಳ ಹೆಚ್ಚು ಖರ್ಚಾಗಿ ಡಾರ್ಬಿ ಸಾಲದಲ್ಲಿ ಮುಳುಗಿದರು, ನಲವತ್ತು ತುಂಬುವ ಮೊದಲೇ ತೀರಿಹೋದರು. ಜಗತ್ತು ಅವರ ಸೇತುವೆಯನ್ನು ಹೊಗಳುತ್ತಿದ್ದಾಗ ಅವರು ಸಾಲ ಕೊಟ್ಟವರಿಗೆ ಉತ್ತರ ಹೇಳುತ್ತಿದ್ದರೆಂಬುದು ನನ್ನನ್ನು ಪ್ರತಿ ಸಲವೂ ಕಾಡುತ್ತದೆ.

ಹಳಿ ಪ್ರಿಯ

ಪಟ್ಟಣಗಳಿಗೆ ನನ್ನ ಮತ ಬ್ರಿಜ್‌ನಾರ್ತ್‌ಗೆ. ಕಣಿವೆಯಿಂದ ಅರ್ಧ ಗಂಟೆಯೂ ಇಲ್ಲ. ಊರು ಎರಡು ಅಂತಸ್ತಿನಲ್ಲಿದೆ, ಮೇಲಿನ ಪೇಟೆ ಮತ್ತು ನದಿ ಪಕ್ಕದ ಕೆಳಗಿನ ಪೇಟೆ. ಎರಡನ್ನೂ ಸೇರಿಸುವ ಬಂಡೆ ಮೇಲಿನ ಪುಟ್ಟ ರೈಲು 1892ರದು. ಮಂಡಿ ನೋವಿನವರಿಗೆ ವರದಾನ, ಆದರೆ ನಡೆಯುತ್ತಿದೆಯೇ ಎಂದು ಮೊದಲೇ ವಿಚಾರಿಸಿ. ಕೋಟೆಯ ಉಳಿದ ಗೋಪುರ ಪೀಸಾದ ಗೋಪುರಕ್ಕಿಂತ ಹೆಚ್ಚು ವಾಲಿದೆ. ಇಲ್ಲಿಂದ ಕಿಡರ್‌ಮಿನ್‌ಸ್ಟರ್‌ವರೆಗಿನ 16 ಮೈಲಿಯ ಹಳೆಯ ಹಳಿಯ ಮೇಲೆ ಸ್ವಯಂಸೇವಕರು ಉಗಿಬಂಡಿ ಓಡಿಸುತ್ತಾರೆ. ಎಂಜಿನ್ನಿಗೆ ಕಲ್ಲಿದ್ದಲು ತುಂಬುವವರ ಜೊತೆ ಮಾತನಾಡಿ, ಕೇಳಿದ್ದಕ್ಕೆಲ್ಲ ಸಂತೋಷದಿಂದ ಉತ್ತರಿಸುತ್ತಾರೆ.

ದಾರಿಯಲ್ಲಿ ಮಚ್ ವೆನ್‌ಲಾಕ್ ಸಿಗುತ್ತದೆ. ಅರ್ಧ ಗಂಟೆ ಸಾಕು. ವಿಲಿಯಂ ಪೆನ್ನಿ ಬ್ರೂಕ್ಸ್ ಎಂಬ ವೈದ್ಯರು 1850ರಲ್ಲಿ ಅಲ್ಲಿನ ದುಡಿಯುವ ಜನರಿಗಾಗಿ ಕ್ರೀಡಾಕೂಟ ಆರಂಭಿಸಿದರು. ಮುಂದೆ ಇಂದಿನ ಒಲಿಂಪಿಕ್ಸ್‌ಗೆ ಕಾರಣರಾದ ಫ್ರಾನ್ಸಿನ ಪಿಯೆರ್ ದ ಕೂಬರ್ತಾಂ 1890ರಲ್ಲಿ ಅದನ್ನು ನೋಡಲು ಬಂದಿದ್ದರು. ಆ ಒಲಿಂಪಿಕ್ಸ್ ಆರಂಭವಾದದ್ದು ಅದಾದ ಆರು ವರ್ಷಗಳಿಗೆ.

ಅಡುಗೆಮನೆ ಕಿಟಕಿ

ಲಡ್ಲೋ ಮರೆಯಬೇಡಿ. ಕೋಟೆಯ ಮುಂದೆಯೇ ಸಂತೆ, ಚೀಸ್, ರೊಟ್ಟಿ, ಜೇನು ಎಲ್ಲವೂ ಸಿಗುತ್ತವೆ. ಫೆದರ್ಸ್ ಎಂಬ 1619ರ ಮರದ ಚೌಕಟ್ಟಿನ ಕಟ್ಟಡದ ಕೆತ್ತನೆಯನ್ನು ಅಪ್ಪಾಜಿಗೆ ತೋರಿಸಿ, ಮರದ ಕೆಲಸ ಬಲ್ಲವರಲ್ಲವೇ.

ಮೇಷ್ಟ್ರು, ಲೆಸ್ಟರ್

ಶ್ರೂಸ್‌ಬರಿಗೆ ಒಂದು ದಿನ ಪೂರ್ತಿ ಬೇಕು. ಸೆವರ್ನ್ ನದಿ ಊರನ್ನು ಕುಣಿಕೆಯಂತೆ ಸುತ್ತಿಕೊಂಡಿದೆ. ಒಳಗೆ ಇಕ್ಕಟ್ಟು ಗಲ್ಲಿಗಳು, ಕಪ್ಪು ಬಿಳಿ ಮನೆಗಳು. ಚಾರ್ಲ್ಸ್ ಡಾರ್ವಿನ್ 1809ರಲ್ಲಿ ಹುಟ್ಟಿದ ಊರು, ಅವರು ಓದಿದ ಶಾಲೆಯ ಹಳೆಯ ಕಟ್ಟಡ ಈಗ ಗ್ರಂಥಾಲಯ.

ಊರ ಅಂಚಿನಲ್ಲಿ, ಡಿದರಿಂಗ್‌ಟನ್‌ನಲ್ಲಿ, 1797ರ ಅಗಸೆ ನಾರಿನ ಗಿರಣಿ ಇದೆ. ಒಳಗಿನ ಕಂಬ, ತೊಲೆಗಳೆಲ್ಲ ಕಬ್ಬಿಣದವಾದ ಜಗತ್ತಿನ ಮೊದಲ ಕಟ್ಟಡ ಅದು. ಮರದ ತೊಲೆಗಳ ಗಿರಣಿಗಳು ಮೇಲಿಂದ ಮೇಲೆ ಬೆಂಕಿಗೆ ಬಲಿಯಾಗುತ್ತಿದ್ದವು, ಅದಕ್ಕೇ ಚಾರ್ಲ್ಸ್ ಬೇಜ್ ಕಬ್ಬಿಣವನ್ನು ಲೆಕ್ಕ ಹಾಕಿ ನಿಲ್ಲಿಸಿದರು. ಮುಂದೆ ಷಿಕಾಗೊ, ನ್ಯೂಯಾರ್ಕ್‌ಗಳಲ್ಲಿ ಎದ್ದ ಗಗನಚುಂಬಿಗಳ ಮೂಲಪುರುಷ ಇದೇ. ನಂತರ ಅಲ್ಲಿ ಬಾರ್ಲಿ ಮೊಳಕೆ ಬರಿಸುತ್ತಿದ್ದರು, 1987ರಲ್ಲಿ ಅದೂ ನಿಂತು ಬಹಳ ವರ್ಷ ಪಾಳು ಬಿದ್ದಿತ್ತು. ದುರಸ್ತಿಯಾಗಿ 2022ರಲ್ಲಿ ಜನರಿಗೆ ತೆರೆದುಕೊಂಡಿತು.

ಚೌಕದಲ್ಲಿ ರಾಬರ್ಟ್ ಕ್ಲೈವ್ ಪ್ರತಿಮೆ ನಿಂತಿದೆ. ಈ ಜಿಲ್ಲೆಯಲ್ಲೇ ಹುಟ್ಟಿದವರು. 2020ರಲ್ಲಿ ತೆಗೆಯಬೇಕೆಂದು ಸಾವಿರಾರು ಜನ ಸಹಿ ಹಾಕಿದರು, ಕೌನ್ಸಿಲ್ ಉಳಿಸಿಕೊಂಡಿತು. ನಾನು ಅಲ್ಲಿ ನಿಲ್ಲುವುದಿಲ್ಲ. ಆದರೆ ಕನ್ನಡಿಗರಾದ ನಾವು ನೋಡಬೇಕಾದ ಜಾಗವೊಂದು ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಇದೆ. ಗಡಿ ದಾಟಿ ವೇಲ್ಸ್‌ನ ವೆಲ್ಷ್‌ಪೂಲ್ ಬಳಿಯ ಪೊವಿಸ್ ಕೋಟೆ. ಕ್ಲೈವ್‌ನ ಮಗ ಎಡ್ವರ್ಡ್ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್. ಟಿಪ್ಪುವಿನ ಚಿತ್ತಾರದ ಡೇರೆ, ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲೊಂದು ಅಲ್ಲಿವೆ.

ಕಾಲುವೆ ದಾರಿ

ನಾನು ಹೋಗಿದ್ದೆ ಮೇಷ್ಟ್ರೇ. ಆ ಹುಲಿತಲೆಯ ಮುಂದೆ ನಿಂತಾಗ ಗಂಟಲು ಕಟ್ಟಿತು. ಅಂಥ ಕುಸುರಿ ಕೆಲಸ ನಮ್ಮ ನೆಲದಲ್ಲಿ ನಡೆದದ್ದು, ಮೈಸೂರಿನ ಮಕ್ಕಳು ಅದನ್ನು ನೋಡಬೇಕಾದರೆ ವೀಸಾ ಬೇಕು. ಅದು ನನಗೆ ಒಪ್ಪಿಗೆಯಿಲ್ಲ. ಆದರೂ ಹೋಗಬೇಡಿ ಎನ್ನಲಾರೆ. ಕಣ್ಣಾರೆ ಕಂಡವರೇ ಅದರ ಬಗ್ಗೆ ಮಾತನಾಡಬಲ್ಲರು. ಪ್ರತಿಮೆಯ ಮುಂದೆಯೂ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ, ಬೆನ್ನು ತಿರುಗಿಸುವುದರಿಂದ ಇತಿಹಾಸ ಮಾಯವಾಗುವುದಿಲ್ಲ. ಕೋಟೆ ಬೆಟ್ಟದ ಮೇಲಿದೆ, ತಂದೆಯವರ ಮಂಡಿಯನ್ನು ಗಮನಿಸಿ ತೀರ್ಮಾನಿಸಿ.

ಭದ್ರೆಯ ಮಗಳು

ಹೋಗಿ ಬಂದೆವು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ನೀವು ಹೇಳಿದಂತೆ ಕೋಲ್‌ಬ್ರೂಕ್‌ಡೇಲ್‌ನಿಂದಲೇ ಆರಂಭಿಸಿದೆವು. ಕುಲುಮೆಯ ಮುಂದೆ ಅಪ್ಪಾಜಿ ಇಪ್ಪತ್ತು ನಿಮಿಷ ಮಾತನಾಡಲಿಲ್ಲ. ಆಮೇಲೆ ಗಾಳಿ ಊದುತ್ತಿದ್ದ ಕಡೆ ಯಾವುದು, ಕಬ್ಬಿಣ ಹರಿದು ಬರುತ್ತಿದ್ದ ಕಡೆ ಯಾವುದು ಎಂದು ನನಗೆ ತೋರಿಸಿದರು. ಫಲಕ ಓದುವ ಮೊದಲೇ. "ಊರಿನಲ್ಲಿ ನಾವು ದೂರ ನಿಲ್ಲುತ್ತಿದ್ದೆವು, ಮುಖ ಸುಡುತ್ತಿತ್ತು. ಇಷ್ಟು ಹತ್ತಿರ ಇವತ್ತೇ ನಿಂತದ್ದು" ಎಂದರು. ಮೊಬೈಲಿನಲ್ಲಿ ಅಮ್ಮನಿಗೆ ಕುಲುಮೆಯನ್ನು ತೋರಿಸಿದರು.

ಸೇತುವೆಯ ಬಳಿ ನಾನು ಮೇಲೆ ಹೋಗೋಣ ಎಂದೆ. ಅವರು ಮೊದಲು ಕೆಳಗೆ ಹೋಗೋಣ ಎಂದರು. ಮೆಟ್ಟಿಲು ಇಳಿಯುವಾಗ ಮಂಡಿ ನೋಯುತ್ತಿತ್ತು, ಆದರೂ ಒಂದೊಂದಾಗಿ ಇಳಿದರು. 2018ರಲ್ಲಿ ದುರಸ್ತಿ ಮುಗಿಸುವಾಗ ಮೊದಲಿನ ಕೆಂಗಂದು ಬಣ್ಣವನ್ನೇ ಬಳಿದಿದ್ದಾರಂತೆ, ನದಿಯ ಹಸಿರಿನ ಮುಂದೆ ಎದ್ದು ಕಾಣುತ್ತದೆ. ಕಮಾನಿನ ಅಡಿಯಲ್ಲಿ ನಿಂತು ಅವರು ಕೇಳಿದ ಮೊದಲ ಪ್ರಶ್ನೆ, "ಕುಗ್ಗುವಿಕೆಗೆ ಎಷ್ಟು ಬಿಟ್ಟಿದ್ದಾರೋ!"

ನನಗೆ ಅರ್ಥವಾಗಲಿಲ್ಲ. ವಿವರಿಸಿದರು. ಕರಗಿದ ಕಬ್ಬಿಣ ಆರುವಾಗ ಅಡಿಗೆ ಸುಮಾರು ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನ್ ಮೇಕರ್‌ನ ಅಳತೆಕೋಲೇ ಬೇರೆ, ಅದರಲ್ಲಿ ಅಡಿ ಎಂದರೆ ಅಡಿಗಿಂತ ತುಸು ಹೆಚ್ಚು. ಈ ಸೇತುವೆಯ ಒಂದೊಂದು ಅರ್ಧ ಕಮಾನು ಸುಮಾರು 70 ಅಡಿ ಉದ್ದ, ಐದು ಟನ್ನಿಗೂ ಹೆಚ್ಚು ಭಾರ. ಎಪ್ಪತ್ತು ಅಡಿಗೆ ಎಂಟೂ ಮುಕ್ಕಾಲು ಇಂಚು ಕುಗ್ಗುತ್ತದೆ ಎಂದು ಅಲ್ಲೇ ಬೆರಳು ಮಡಚಿ ಲೆಕ್ಕ ಹೇಳಿದರು. "ಲೆಕ್ಕ ತಪ್ಪಿದ್ದರೆ ಎರಡು ತುದಿ ನಡುವೆ ಕೂಡುತ್ತಲೇ ಇರಲಿಲ್ಲ."

ದೊಡ್ಡ ಭಾಗಗಳನ್ನೆಲ್ಲ ಒಂದೊಂದಾಗಿಯೇ ಎರಕ ಹೊಯ್ದಿದ್ದಾರೆ, ಹಾಗಾಗಿ ಒಂದರಂತೆ ಒಂದಿಲ್ಲ ಎಂದು ಫಲಕದ ಮಾಹಿತಿ ಓದಿ ಹೇಳಿದೆ. "ಕಾಣುತ್ತಿದೆಯಲ್ಲ" ಎಂದು ಎರಡು ಜೋಡಣೆಗಳತ್ತ ಕೈ ತೋರಿಸಿದರು. ನಾನು ಮೂರು ಸಲ ನೋಡಿದ ಮೇಲೆ ಬೆಣೆಯ ದಪ್ಪದಲ್ಲಿನ ವ್ಯತ್ಯಾಸ ನನ್ನ ಕಣ್ಣಿಗೂ ಬಿತ್ತು. ಅಪ್ಪಾಜಿಯ ಕೆಲಸ ಏನೆಂದು ನನಗೆ ಸರಿಯಾಗಿ ತಿಳಿದದ್ದು ಆ ಹೊತ್ತಿನಲ್ಲಿ, ಮನೆಯಿಂದ ಅಷ್ಟು ದೂರದ ನದಿಯ ದಡದಲ್ಲಿ. ಚಿಕ್ಕಂದಿನಲ್ಲಿ ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬಲ್ಲಿ "ಕಾರ್ಖಾನೆ" ಎಂದಷ್ಟೇ ಬರೆಯುತ್ತಿದ್ದೆ.

ಸುಂಕದ ಮನೆಯ ಹಳೆಯ ದರಪಟ್ಟಿ ಅವರಿಗೆ ಬಹಳ ಇಷ್ಟವಾಯಿತು. ಸೈನಿಕರಾಗಲಿ, ರಾಜಮನೆತನದವರಾಗಲಿ, ಎಲ್ಲರೂ ಸುಂಕ ಕೊಟ್ಟೇ ದಾಟಬೇಕು ಎಂದು ಬರೆದಿದೆ.

ಬ್ಲಿಸ್ಟ್ಸ್ ಹಿಲ್ ಬಗ್ಗೆ ಮೇಷ್ಟ್ರೂ ಟೆಲ್ಫರ್ಡ್ ಸರ್ ಕೂಡ ಹೇಳಿದ್ದು ನಿಜ. ಅಂಗಡಿ ಬೀದಿಯನ್ನು ಹತ್ತು ನಿಮಿಷದಲ್ಲಿ ದಾಟಿಬಿಟ್ಟರು. ಅರ್ಧ ಅಳತೆಯ ಸೇತುವೆಯ ಮುಂದೆ ಒಂದು ಗಂಟೆ. ಇಳಿಜಾರನ್ನು ಮೇಲಿನಿಂದ ನೋಡಿದೆವು. ಮರುದಿನ ಮಳೆ ಹಿಡಿಯಿತು, ಬ್ರಿಜ್‌ನಾರ್ತ್ ಕೈಬಿಟ್ಟು ಜ್ಯಾಕ್‌ಫೀಲ್ಡ್‌ನಲ್ಲಿ ಮಧ್ಯಾಹ್ನದವರೆಗೆ ಇದ್ದೆವು. ಲಡ್ಲೋದಲ್ಲಿ ಫೆದರ್ಸ್ ಕಟ್ಟಡವನ್ನು ಕೊಡೆ ಹಿಡಿದುಕೊಂಡೇ ನೋಡಿದರು, ಕೆತ್ತನೆಗಿಂತ ಮೂಲೆಯ ಕೂಡಿಕೆಗಳೇ ಅವರಿಗೆ ಬೇಕಿದ್ದವು.

ಮೂರನೇ ದಿನ ಪೊವಿಸ್‌ಗೆ ಹೋದೆವು. ಡೇರೆಯ ಬಟ್ಟೆಯ ಮೇಲಿನ ಹೂವುಗಳನ್ನು ನೋಡುತ್ತ ಅಪ್ಪಾಜಿ, "ಇದನ್ನು ಅಚ್ಚು ಹಾಕಿದವರ ಹೆಸರು ಎಲ್ಲೂ ಬರೆದಿಲ್ಲ" ಎಂದರು. ಹುಲಿತಲೆಯ ಬಗ್ಗೆ ಏನೂ ಹೇಳಲಿಲ್ಲ. ದಾರಿಯುದ್ದಕ್ಕೂ ಸುಮ್ಮನಿದ್ದರು, ನಾನೂ ಕೇಳಲಿಲ್ಲ.

ಹೀಗಾಗಿ ಶ್ರೂಸ್‌ಬರಿಯ ಗಿರಣಿ ಉಳಿದುಹೋಯಿತು. ಬೇಜ್ ನಿಲ್ಲಿಸಿದ ಕಂಬಗಳು ನಡುವೆ ದಪ್ಪ, ತುದಿಗಳಲ್ಲಿ ಸಣ್ಣ ಎಂದು ಎಲ್ಲೋ ಓದಿದ್ದನ್ನು ಹೇಳಿದ ಮೇಲೆ ಅಪ್ಪಾಜಿ ದಿನವೂ ಅದನ್ನೇ ಕೇಳುತ್ತಿದ್ದಾರೆ. ಊರಿಗೆ ಹೊರಡಲು ಇನ್ನು ಒಂಬತ್ತು ದಿನವಿದೆ. ಶನಿವಾರ ನನಗೆ ಕೆಲಸವಿದೆ, ಅವರನ್ನು ಒಬ್ಬರೇ ರೈಲು ಹತ್ತಿಸಲು ಧೈರ್ಯ ಬರುತ್ತಿಲ್ಲ.

ಟೆಲ್ಫರ್ಡ್ ನಿವಾಸಿ

ಧೈರ್ಯವಾಗಿ ಹತ್ತಿಸಿ ತಂಗಿ. ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೂಸ್‌ಬರಿಯ ರೈಲು ಹಿಡಿದು, ಟೆಲ್ಫರ್ಡ್ ಸೆಂಟ್ರಲ್‌ನಲ್ಲಿ ಇಳಿಯುವುದು ಬೇಡ, ಕೂತೇ ಇರಲಿ. ನಾನು ಅಲ್ಲಿ ಅದೇ ರೈಲು ಹತ್ತುತ್ತೇನೆ. ಬೋಗಿಯ ಸಂಖ್ಯೆಯನ್ನು ಖಾಸಗಿ ಸಂದೇಶದಲ್ಲಿ ಕಳುಹಿಸಿ. ಗಿರಣಿಯ ಒಳಗೆ ಅವರು ಎಷ್ಟು ಹೊತ್ತು ನಿಂತರೂ ನನಗೆ ಅವಸರವಿಲ್ಲ. ಊಟ ನಮ್ಮ ಮನೆಯಲ್ಲೇ, ನನ್ನ ಹೆಂಡತಿ ಈಗಾಗಲೇ ಅವರೆಕಾಳು ನೆನೆಹಾಕುವ ಮಾತಾಡುತ್ತಿದ್ದಾಳೆ.

ಮೇಷ್ಟ್ರು, ಲೆಸ್ಟರ್

ಶನಿವಾರ ನನಗೂ ಬಿಡುವಿದೆ. ಗಿರಣಿಯ ಬಾಗಿಲಲ್ಲಿ ಹನ್ನೊಂದು ಗಂಟೆಗೆ ಸಿಗುತ್ತೇನೆ. ಕಂಬಗಳನ್ನು ನೋಡುವಾಗ ಅವರು ಹೇಳುವುದನ್ನು ಬರೆದುಕೊಳ್ಳಲು ನೋಟ್‌ಬುಕ್ ತರುತ್ತೇನೆ.